ಇನ್ನೊಬ್ಬರು ಬಾಳುತ್ತಿರುವ ಮನೆಯನ್ನು ನೋಡಲು ಹೋದಾಗ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷಗಳ ಹಿಂದೆ ಹಾಸನದ ವಿದ್ಯಾನಗರದಲ್ಲಿದ್ದ ನಮ್ಮ ಮನೆಯನ್ನು ಮಾರಿದೆವು. ಮಾತುಕತೆ ಮುಗಿದು ಕ್ರಯಪತ್ರವಾಗಲು ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ವಾರಕ್ಕೆ ಎರಡು ಮೂರು ಕುಟುಂಬಗಳು ಮನೆ ನೋಡಲು ಬರುತ್ತಿದ್ದವು. ಮಾವನವರು ಆಗ ಹಾಸಿಗೆ ಹಿಡಿದಿದ್ದರು. ಒಂದು ಭಾನುವಾರ ಬಂದವರೊಬ್ಬರು ಅವರ ಕೋಣೆಯ ಬಾಗಿಲನ್ನು ತಳ್ಳಿ, ಮಂಚದ ಪಕ್ಕದಲ್ಲೇ ನಿಂತು, "ಈ ಗೋಡೆ ಒಡೆದರೆ ಹಾಲ್ ದೊಡ್ಡದಾಗುತ್ತದೆ" ಎಂದು ಹೆಂಡತಿಗೆ ತೋರಿಸಿದರು. ಮಾವನವರು ಕಣ್ಣು ಮುಚ್ಚಿದ್ದರು, ಆದರೆ ನಿದ್ದೆಯಲ್ಲಿರಲಿಲ್ಲ. 1986ರಲ್ಲಿ ಆ ಗೋಡೆ ಎದ್ದಾಗ ಕೆಲಸದಿಂದ ಬಂದವರೇ ಬಿಂದಿಗೆಯಲ್ಲಿ ನೀರು ಹೊತ್ತು ಅದಕ್ಕೆ ಹಾಕಿದವರು ಅವರು. ಬಂದವರು ಕೆಟ್ಟವರೇನಲ್ಲ. ತಮ್ಮ ಮನೆಯ ಕನಸಿನಲ್ಲಿದ್ದರು, ಅಷ್ಟೇ. ಆದರೆ ಆ ರಾತ್ರಿ ಮಾವನವರು ಊಟ ಮಾಡಲಿಲ್ಲ.

ಅದಕ್ಕೇ ಇಂದು ಈ ಮಾತನ್ನು ಆಡಲು ಬಂದಿದ್ದೇನೆ. ಸಂಕೋಚಪಟ್ಟು, ಏನೂ ಕೇಳದೆ ಮನೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜೀವಮಾನದ ಉಳಿತಾಯ ಹಾಕುವವರು ಕೂಲಂಕಷವಾಗಿ ನೋಡಲೇಬೇಕು. ಸಂಪು ಎಷ್ಟು ಆಳ, ಬೋರ್‌ವೆಲ್‌ನಲ್ಲಿ ಬೇಸಿಗೆಯಲ್ಲಿ ನೀರಿರುತ್ತದೆಯೇ, ಮಳೆಗಾಲ ಮುಗಿದ ಕೂಡಲೇ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಿದ್ದದ್ದೇಕೆ, ಸಕಲೇಶಪುರದ ಕಡೆಯ ಹೆಂಚಿನ ಮನೆಯಾದರೆ ತೊಲೆಗಳಿಗೆ ಗೆದ್ದಲು ಹತ್ತಿದೆಯೇ, ಎಲ್ಲವನ್ನೂ ಕೇಳಿ. ಕಾನೂನೂ ನಿಮ್ಮ ಬೆನ್ನಿಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಸಾಮಾನ್ಯ ಎಚ್ಚರಿಕೆಗೆ ಕಾಣದ, ತನಗೆ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವರೇ ತಿಳಿಸಬೇಕು. ಕೇಳಿದರೆ ಹಕ್ಕುಪತ್ರಗಳನ್ನು ಪರಿಶೀಲನೆಗೆ ಕೊಡಬೇಕು. ಹೀಗಿರುವಾಗ ಕಳ್ಳಗಣ್ಣಿನಿಂದ ಬೀರು ತೆರೆದು ನೋಡುವ, ಹಾಸಿಗೆ ಎತ್ತಿ ನೋಡುವ ಅಗತ್ಯವೇ ಇಲ್ಲ. "ಈ ಬಾಗಿಲು ತೆರೆಯಬಹುದೇ ಅಮ್ಮಾ?" ಎಂದರೆ ಯಾರೂ ಬೇಡವೆನ್ನುವುದಿಲ್ಲ. ದೇವರ ಕೋಣೆಯನ್ನು ಹೊಸ್ತಿಲಾಚೆಯಿಂದ ನೋಡಿದರೆ ಸಾಕು.

ಎಲ್ಲಕ್ಕಿಂತ ನಾಜೂಕಾದದ್ದು ಹಕ್ಕಿನ ಪ್ರಶ್ನೆ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳ ಸಹಿ ಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಪಾಲು. ಇದನ್ನು ಕೇಳದೆ ಮುಂಗಡ ಕೊಡುವುದು ತಪ್ಪು. ಆದರೆ ನಮ್ಮ ಮನೆಯಲ್ಲಿ ಏನಾಯಿತು ಗೊತ್ತೇ? ನಾದಿನಿ ತಟ್ಟೆಯಲ್ಲಿ ಕಾಫಿ ತಂದು ನಿಂತಿದ್ದಳು. ಆಗಲೇ ಒಬ್ಬರು, "ನಿಮ್ಮ ತಂಗಿ ಆಮೇಲೆ ತಕರಾರು ತೆಗೆಯುವುದಿಲ್ಲ ತಾನೇ?" ಎಂದು ನನ್ನ ಗಂಡನನ್ನು ಕೇಳಿದರು. ಅಣ್ಣ ತಂಗಿಯರ ನಡುವೆ ಆವರೆಗೆ ಆ ಮಾತೇ ಬಂದಿರಲಿಲ್ಲ. ತಟ್ಟೆ ಇಟ್ಟು ಒಳಗೆ ಹೋದ ನಾದಿನಿ ಅವರು ಹೊರಡುವ ತನಕ ಹೊರಗೆ ಬರಲಿಲ್ಲ. ಅದೇ ಪ್ರಶ್ನೆಯನ್ನು ಮರುದಿನ ವಕೀಲರ ಮೂಲಕ, "ಯಾರ್ಯಾರು ಸಹಿ ಹಾಕುತ್ತಾರೆ, ವಂಶವೃಕ್ಷ ಕೊಡಿ" ಎಂದು ಕೇಳಿದ್ದರೆ ಕೆಲಸವೂ ಆಗುತ್ತಿತ್ತು, ಅವಳಿಗೆ ನೋವೂ ಆಗುತ್ತಿರಲಿಲ್ಲ.

ಸಾಲದ ವಿಷಯವೂ ಹಾಗೆಯೇ. "ಇವರಿಗೆ ಬಹಳ ಸಾಲವಂತೆ, ಹೌದೇ?" ಎಂದು ಪಕ್ಕದ ಮನೆಯ ಗೇಟಿನಲ್ಲಿ ನಿಂತು ಕೇಳಬೇಡಿ. ಮಾರುವ ಸುದ್ದಿಯನ್ನು ಎಷ್ಟೋ ಜನ ಬೀದಿಗೆ ತಿಳಿಸಿರುವುದಿಲ್ಲ. ಮಗಳ ಮದುವೆಯೋ ಆಸ್ಪತ್ರೆಯ ಬಿಲ್ಲೋ ಕಾರಣವಾಗಿರಬಹುದು. ನಿಮಗೆ ಬೇಕಾದ ಉತ್ತರ ಉಪನೋಂದಣಿ ಕಚೇರಿಯಲ್ಲಿದೆ. ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪತ್ರ, ನಾವೆಲ್ಲ ಇಸಿ ಎನ್ನುತ್ತೇವಲ್ಲ, ಅದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಪಡೆಯಬಹುದು. 30 ವರ್ಷಗಳ ಇಸಿ ನೋಡುವುದು ವಕೀಲರ ವಾಡಿಕೆ. ಒಂದು ಎಚ್ಚರಿಕೆ: ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಪಡೆದ ಸಾಲ, ನೋಂದಣಿಯಾಗದಿದ್ದರೆ, ಇಸಿಯಲ್ಲಿ ಕಾಣದೇ ಹೋಗಬಹುದು. ಜೆರಾಕ್ಸ್ ಸಾಲದು, ಮೂಲಪತ್ರವನ್ನೇ ನೋಡಬೇಕು. ಹಾಗೆ ಕೇಳಿದರೆ ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಬಾಡಿಗೆಗೆ ಕೊಟ್ಟ ಮನೆಯಾದರೆ ಒಳಗಿರುವವರನ್ನು ಯಾವಾಗ ಬಿಡುತ್ತೀರಿ ಎಂದು ನೀವು ಕೇಳಬಾರದು, ಅದು ಮಾಲೀಕರ ಕೆಲಸ.

ಫೋಟೋ ತೆಗೆಯುವ ಮುನ್ನ ಒಂದು ಮಾತು ಕೇಳಿ. ಗೋಡೆಯ ಮೇಲೆ ತೀರಿಹೋದವರ ಚಿತ್ರವಿರುತ್ತದೆ, ಒಗೆದು ಹಾಕಿದ ಬಟ್ಟೆಯಿರುತ್ತದೆ. ಅವು ನಿಮ್ಮ ಬಂಧುಗಳ ವಾಟ್ಸ್ಆಪ್‌ಗೆ ಹೋಗಬೇಕಾದವಲ್ಲ. ವಾಸ್ತು ನೋಡುವವರನ್ನು ಕರೆತಂದರೆ ಅವರ ತೀರ್ಪನ್ನು ಹೊರಗೆ ಬಂದ ಮೇಲೆ ಕೇಳಿ. "ಈ ಮನೆಯಲ್ಲಿ ಯಜಮಾನನಿಗೆ ಆಯುಸ್ಸಿಲ್ಲ" ಎಂಬ ಮಾತನ್ನು ಯಜಮಾನನ ಮುಂದೆಯೇ ಆಡುವುದನ್ನು ಕೇಳಿದ್ದೇನೆ. ಗಂಡ ಹೆಂಡತಿಯ ಚರ್ಚೆಯೂ ಬಸ್ ನಿಲ್ದಾಣಕ್ಕೆ ಬಂದ ಮೇಲೆಯೇ ಇರಲಿ. ಒಳಗೇ "ಎಷ್ಟು ಚೆನ್ನಾಗಿದೆ!" ಎಂದರೆ ಬೆಲೆ ಇಳಿಯುವುದಿಲ್ಲ, "ಏನು ದರಿದ್ರ ಅಡುಗೆಮನೆ" ಎಂದರೆ ಅಡುಗೆ ಮಾಡುವವರು ಅಲ್ಲೇ ನಿಂತಿರುತ್ತಾರೆ.

ಕೊನೆಯದಾಗಿ, ಬೇಡವೆಂದು ನಿರ್ಧರಿಸಿದರೆ ಆ ದಿನವೇ ಫೋನ್ ಮಾಡಿ ತಿಳಿಸಿ. ಒಬ್ಬರು ಗುರುವಾರ ಸಂಜೆ ಮುಂಗಡ ತರುತ್ತೇವೆಂದು ಹೇಳಿ ಹೋಗಿದ್ದರು. ಅವರ ಮಾತು ನಂಬಿ ಇನ್ನಿಬ್ಬರಿಗೆ ಬರಬೇಡಿ ಎಂದಿದ್ದೆವು. ಗುರುವಾರ ನಾಲ್ಕು ಗಂಟೆಯಿಂದ ಅತ್ತೆ ಗೇಟಿನ ಕಡೆ ಮುಖ ಮಾಡಿ ಜಗುಲಿಯಲ್ಲಿ ಕುಳಿತರು. ಬರುವವರಿಗೆಂದು ಇಳಿಸಿಟ್ಟ ಡಿಕಾಕ್ಷನ್ ಅನ್ನು ಶುಕ್ರವಾರ ಬೆಳಿಗ್ಗೆ ನಾವೇ ಬಿಸಿ ಮಾಡಿಕೊಂಡು ಕುಡಿದೆವು.

ನಮಸ್ಕಾರ.