ಗೊತ್ತಿದ್ದೂ ಮಾಡುವ ತಪ್ಪುಗಳು

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟಿದ್ದರು. ಕಂಪ್ಯೂಟರಿನ ಮುಂದೆ ಕೂತಾಗ ನೀವು ಮಾಡುವ, ಆದರೆ ಬೇರೆಯವರಿಗೆ ಹೇಳಲು ಸಂಕೋಚ ಆಗುವ ಒಂದು ಅಭ್ಯಾಸ ಬರೆಯಿರಿ, ಹೆಸರು ಬೇಡ ಅಂತ. ಆ ಡಬ್ಬಿ ತೆರೆದು ಈಗಷ್ಟೇ ಓದಿದೆ.

ಇಲ್ಲಿ ಕೂತಿರುವವರು ಯಾರು ಅಂತ ನನಗೆ ಗೊತ್ತು. ಲಿನಕ್ಸ್ ಬಳಸುವವರು, ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸುವವರು, ಸರ್ವರ್ ನೋಡಿಕೊಳ್ಳುವವರು. ಮನೆಯಲ್ಲಿ ಯಾರ ಫೋನ್ ಕೆಟ್ಟರೂ ನಿಮ್ಮನ್ನೇ ಕೂಗುತ್ತಾರೆ. ಆದರೂ ಚೀಟಿಗಳಲ್ಲಿ ಇರುವುದು ಇದು: ಎಲ್ಲ ಕಡೆ ಒಂದೇ ಪಾಸ್‌ವರ್ಡ್. ಪಾಸ್‌ವರ್ಡ್‌ಗಳ ಫೈಲ್ ಡೆಸ್ಕ್‌ಟಾಪ್ ಮೇಲೇ ಇದೆ, ಹೆಸರು ಕೂಡ ‘ಪಾಸ್‌ವರ್ಡ್ಸ್’ ಅಂತಲೇ. ಅಪ್‌ಡೇಟ್ ಬಂದರೆ ‘ನಾಳೆ ನೆನಪಿಸು’. ಎಲ್ಲಿಂದಲೋ ಕಮಾಂಡ್ ಕಾಪಿ ಮಾಡಿ, ಓದದೇ ಸುಡೋ ಹಾಕಿ, ಅಂದರೆ ಯಂತ್ರದ ಪೂರ್ತಿ ಅಧಿಕಾರ ಕೊಟ್ಟು, ಎಂಟರ್ ಒತ್ತುವುದು. ಪರ್ಮಿಶನ್ ತೊಂದರೆ ಬಂದರೆ 777 ಕೊಟ್ಟು, ಅಂದರೆ ಯಾರು ಏನು ಬೇಕಾದರೂ ಮಾಡಲಿ ಅಂತ ಫೈಲ್ ತೆರೆದಿಟ್ಟು, ಕೈ ತೊಳೆದುಕೊಳ್ಳುವುದು.

ಇದರಲ್ಲಿ ಒಂದಾದರೂ ಗೊತ್ತಿಲ್ಲದೆ ಆದ ತಪ್ಪು ಇದೆಯಾ? ಇಲ್ಲ. ಅದು ತಪ್ಪು ಅಂತ ನಿಮಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಹಾಗೆ ಮಾಡಬೇಡಿ ಅಂತ ನೀವೇ ಹೇಳಿರುತ್ತೀರಿ. ನನ್ನ ಮಾತು ಇರುವುದು ಇಷ್ಟೇ. ಗೊತ್ತಿದ್ದೂ ಮಾಡುವ ತಪ್ಪಿಗೆ ಬುದ್ಧಿವಾದ ಮದ್ದಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಮನುಷ್ಯನನ್ನು ಬಿಟ್ಟು, ಅವನು ಕೂತಿರುವ ವ್ಯವಸ್ಥೆಯನ್ನು ಸರಿ ಮಾಡಬೇಕು. ಇದನ್ನು ಇವತ್ತು ಸುಮಾರು ಸಲ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಪಾಸ್‌ವರ್ಡ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಚೀಟಿಗಳಲ್ಲಿ ಜಾಸ್ತಿ ಇರುವುದು ಅದೇ. 2019ರಲ್ಲಿ, ಲಿನಕ್ಸ್‌ಗೆ ಮಾದರಿಯಾದ ಹಳೆಯ ಯುನಿಕ್ಸ್ ವ್ಯವಸ್ಥೆಯ ಒಂದು ಫೈಲಿನಲ್ಲಿ ಗುಪ್ತರೂಪದಲ್ಲಿದ್ದ ಪಾಸ್‌ವರ್ಡ್‌ಗಳನ್ನು ಕೆಲವರು ಬಿಡಿಸಿದರು. ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಕಾಲದ ಫೈಲ್ ಅದು. ಅದರಲ್ಲಿ ಯಾರೆಲ್ಲ ಇದ್ದರು ಗೊತ್ತಲ್ವಾ? ನಾವು ದಿನಾ ಬಳಸುವ ಕಂಪ್ಯೂಟಿಂಗ್‌ನ ಅಡಿಪಾಯ ಹಾಕಿದವರು. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನ್ನಿಸ್ ರಿಚಿ ಅವರ ಪಾಸ್‌ವರ್ಡ್ ಬರೀ ನಾಲ್ಕು ಅಕ್ಷರ. ಕಮಾಂಡ್‌ಗಳನ್ನು ಓದಿ ನಡೆಸುವ ಬೌರ್ನ್ ಶೆಲ್ ಬರೆದ ಸ್ಟೀವ್ ಬೌರ್ನ್ ಅವರ ಪಾಸ್‌ವರ್ಡ್ ‘ಬೌರ್ನ್’. ಬ್ರಯನ್ ಕರ್ನಿಹಾನ್ ಅವರದು ಸ್ಲ್ಯಾಶ್, ಚುಕ್ಕಿ, ಅಲ್ಪವಿರಾಮ, ಮತ್ತೆ ಅದೇ ಮೂರು. ಕೀಬೋರ್ಡಿನಲ್ಲಿ ಪಕ್ಕಪಕ್ಕ ಇರುವ ಕೀಗಳು. ಬೆರಳು ಎತ್ತುವ ಕೆಲಸವೇ ಇಲ್ಲ! ಬಹಳ ಹೊತ್ತು ಜಗ್ಗದೆ ನಿಂತಿದ್ದು ರಿಚಿ ಜೊತೆ ಯುನಿಕ್ಸ್ ಕಟ್ಟಿದ ಕೆನ್ ಥಾಮ್ಸನ್ ಅವರದು. ಅದು ಚೆಸ್ಸಿನ ಒಂದು ನಡೆ, ರಾಣಿಯ ಮುಂದಿನ ಪದಾತಿ ಎರಡು ಮನೆ ಮುಂದಕ್ಕೆ ಹೋಗುವುದು.

ಈಗ ಇದನ್ನು ಕೇಳಿ. ಇದೇ ಥಾಮ್ಸನ್, ರಾಬರ್ಟ್ ಮಾರಿಸ್ ಜೊತೆ ಸೇರಿ 1979ರಲ್ಲಿ ಪಾಸ್‌ವರ್ಡ್ ಭದ್ರತೆ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಜನ ಬಳಸುವ 3,289 ಪಾಸ್‌ವರ್ಡ್ ತೆಗೆದುಕೊಂಡು ನೋಡಿದಾಗ, 86 ಶೇಕಡಾ ಸುಲಭವಾಗಿ ಸಿಕ್ಕಿಬೀಳುವಂಥವು. ತೀರಾ ಚಿಕ್ಕವು, ಇಲ್ಲವೇ ನಿಘಂಟಿನಲ್ಲಿ ಇರುವ ಪದಗಳು. ಅಂದರೆ ತೊಂದರೆ ಏನು ಅಂತ ಆ ಬಳಗಕ್ಕೇ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಆದರೂ ರಿಚಿ ಅವರದು ನಾಲ್ಕೇ ಅಕ್ಷರ. ರಿಚಿ ಅವರಿಗೆ ಬುದ್ಧಿ ಕಡಿಮೆ ಇತ್ತು ಅಂತ ಈ ಸಭೆಯಲ್ಲಿ ಯಾರಾದರೂ ಹೇಳುತ್ತೀರಾ?

ಇನ್ನೂ ಹಿಂದಕ್ಕೆ ಹೋಗೋಣ. ಎಂಐಟಿಯಲ್ಲಿ 1960ರ ದಶಕದ ಶುರುವಿಗೆ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿದವರು ಫರ್ನಾಂಡೊ ಕೊರ್ಬಾಟೊ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಫೈಲ್ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅಂತ ಪಾಸ್‌ವರ್ಡ್ ತಂದರು. 1966ರಲ್ಲಿ ಒಂದು ದಿನ, ಲಾಗಿನ್ ಆದವರಿಗೆಲ್ಲ ಸ್ವಾಗತದ ಸಂದೇಶ ಬರುವ ಜಾಗದಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್ ಪಟ್ಟಿ ಬಂತು! ಆಗಿದ್ದು ಇಷ್ಟು. ಒಬ್ಬ ನಿರ್ವಾಹಕರು ಪಾಸ್‌ವರ್ಡ್ ಫೈಲ್ ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಸ್ವಾಗತ ಸಂದೇಶ ತಿದ್ದುತ್ತಿದ್ದರು. ಎಡಿಟರ್ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲ್ ಕೊಟ್ಟಿತ್ತು. ಫೈಲು ಅದಲು ಬದಲಾಯಿತು. ಕೊರ್ಬಾಟೊ ಇದನ್ನು ಮುಚ್ಚಿಡಲಿಲ್ಲ. ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲೇ, ಅಷ್ಟು ದೊಡ್ಡ ವೇದಿಕೆಯಲ್ಲಿ, ಉದಾಹರಣೆಯಾಗಿ ಹೇಳಿದರು. ಮುಂದೆ 2014ರಲ್ಲಿ ಪತ್ರಿಕೆಯೊಂದರ ಸಂದರ್ಶನದಲ್ಲಿ ಇನ್ನೊಂದನ್ನೂ ಹೇಳಿದರು. ತಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಮೂರು ಪುಟಗಳಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದರಂತೆ. ಪಾಸ್‌ವರ್ಡ್ ತಂದವರೇ ಅದನ್ನು ನೆನಪಿಡಲು ಆಗಲಿಲ್ಲ. ಡೆಸ್ಕ್‌ಟಾಪ್ ಮೇಲೆ ಫೈಲ್ ಇಟ್ಟ ಗೆಳೆಯರೇ, ತಲೆ ಎತ್ತಿ ಕೂತುಕೊಳ್ಳಿ. ಫೈಲ್ ಮಾತ್ರ ತೆಗೆದು ಪಾಸ್‌ವರ್ಡ್ ಮ್ಯಾನೇಜರ್‌ಗೆ ಹಾಕಿ. ನೆನಪಿಡುವ ಕೆಲಸ ಯಂತ್ರದ್ದು, ನಿಮ್ಮದಲ್ಲ.

ಒಂದು ಮಾತು ಸೇರಿಸಬೇಕು. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಾಯಿಸಿ ಅನ್ನುವ ಕಾಟ ಇದೆಯಲ್ಲ, ಅದು ಹರಡಿದ್ದರಲ್ಲಿ ಅಮೆರಿಕದಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ಎನ್‌ಐಎಸ್‌ಟಿ ಸಂಸ್ಥೆಯ, 2000ರ ದಶಕದ ಶುರುವಿನ ಒಂದು ಮಾರ್ಗಸೂಚಿಯ ಪಾಲು ದೊಡ್ಡದು. ಆ ಭಾಗ ಬರೆದ ಬಿಲ್ ಬರ್ 2017ರಲ್ಲಿ, ತಾನು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಇದೆ ಅಂತ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಬಂದ ಹೊಸ ಮಾರ್ಗಸೂಚಿ, ಸುಮ್ನೆ ಅವಧಿ ಮುಗಿಯಿತು ಅಂತ ಬದಲಾಯಿಸಲು ಒತ್ತಾಯಿಸಬೇಡಿ ಅಂದಿತು. ಒತ್ತಾಯ ಮಾಡಿದರೆ ಜನ ಏನು ಮಾಡುತ್ತಾರೆ? ಕೊನೆಯ 1 ಅನ್ನು 2 ಮಾಡುತ್ತಾರೆ. ಚೀಟಿಯಲ್ಲಿ ಇದನ್ನು ಬರೆದವರೂ ಇದ್ದಾರೆ. ತಪ್ಪು ಅವರದಲ್ಲ, ನಿಯಮದ್ದು.

ಈಗ ನನಗೆ ಬಹಳ ಇಷ್ಟದ ಕತೆ. ಕೆಲವರು ಕೇಳಿರುತ್ತೀರಿ. ಆದರೂ ಪೂರ್ತಿ ಹೇಳುತ್ತೇನೆ, ಇದರ ವಿವರದಲ್ಲೇ ಸ್ವಾರಸ್ಯ ಇರುವುದು.

2017ರ ಜನವರಿ 31. ಜನ ತಮ್ಮ ಪ್ರೋಗ್ರಾಂ ಕೋಡ್ ಇಡುವ ಜಾಲತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್. ಅವರಿರುವ ಕಡೆ ರಾತ್ರಿ ಹೊತ್ತಾಗಿದೆ, ಕೆಲಸ ಮುಗಿಸಿ ಏಳುವವರಿದ್ದರು. ಅಷ್ಟರಲ್ಲಿ ಸ್ಪ್ಯಾಮ್ ಹಾವಳಿಯಿಂದ ಡೇಟಾಬೇಸ್ ಮೇಲೆ ಹೊರೆ ಬಿದ್ದು, ಮೊದಲ ಸರ್ವರಿನ ಪ್ರತಿ ಇಟ್ಟುಕೊಳ್ಳುವ ಎರಡನೇ ಸರ್ವರ್ ಹಿಂದೆ ಬಿತ್ತು. ಅದಕ್ಕೆ ಮತ್ತೆ ಮೊದಲಿನಿಂದ ಪ್ರತಿ ಕೊಡಬೇಕು. ಕೊಡಲು ಹೋದರೆ ಆಗುತ್ತಿಲ್ಲ. ಎರಡನೇ ಸರ್ವರಿನಲ್ಲಿ ಉಳಿದಿರುವ ಡೈರೆಕ್ಟರಿಯೇ ಅಡ್ಡಿ ಇರಬೇಕು ಅಂದುಕೊಂಡು ಅದನ್ನು ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡ್ ಆದ ಮೇಲೆ ಕಣ್ಣು ಪ್ರಾಂಪ್ಟ್ ಮೇಲೆ, ಅಂದರೆ ಕಮಾಂಡ್ ಬರೆಯುವ ಸಾಲಿನಲ್ಲಿ ಯಂತ್ರದ ಹೆಸರು ತೋರಿಸುವ ಜಾಗದ ಮೇಲೆ, ಬಿತ್ತು. ಅದು ಎರಡನೇ ಸರ್ವರ್ ಅಲ್ಲ. ಮೊದಲನೆಯದು. ಜಗತ್ತಿನ ಜನ ಆ ಕ್ಷಣ ಬಳಸುತ್ತಿದ್ದ ಡೇಟಾಬೇಸ್. ತಕ್ಷಣ ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಹೋಗಲಿ, ಬ್ಯಾಕಪ್ ಇದೆಯಲ್ಲ? ಹುಡುಕಿದರು. ದಿನಕ್ಕೊಮ್ಮೆ ಡೇಟಾಬೇಸಿನ ಪ್ರತಿ ತೆಗೆಯುವ ಪ್ರೋಗ್ರಾಂ ಇತ್ತು. ಆದರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ ತಂತ್ರಾಂಶದ 9.6ನೇ ಆವೃತ್ತಿ, ಪ್ರತಿ ತೆಗೆಯುವ ಪ್ರೋಗ್ರಾಂ ಹಳೆಯ 9.2. ದಿನಾ ಓಡುತ್ತಿತ್ತು, ದಿನಾ ಸೋಲುತ್ತಿತ್ತು. ಸೋತಾಗ ಇಮೇಲ್ ಬರಬೇಕಿತ್ತು. ಇಮೇಲ್ ಕಳಿಸುವ ವ್ಯವಸ್ಥೆಯಲ್ಲಿ ದೃಢೀಕರಣದ ಒಂದು ಸೆಟ್ಟಿಂಗ್ ಇರಲಿಲ್ಲ, ಹಾಗಾಗಿ ಆ ಇಮೇಲ್‌ಗಳನ್ನೆಲ್ಲ ಆ ಕಡೆ ತಿರಸ್ಕರಿಸುತ್ತಿದ್ದರು. ಯಾರಿಗೂ ಗೊತ್ತೇ ಇಲ್ಲ. ಬ್ಯಾಕಪ್ ಇಡುವ ಜಾಗ ಖಾಲಿ. ಒಟ್ಟು ಐದು ಬಗೆಯ ವ್ಯವಸ್ಥೆ ಇತ್ತು, ಒಂದೂ ನಂಬುವ ಹಾಗಿರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ.

ಉಳಿಸಿದ್ದು ಏನು ಗೊತ್ತಾ? ಸುಮಾರು ಆರು ಗಂಟೆ ಮುಂಚೆ ಅದೇ ಎಂಜಿನಿಯರ್ ಬೇರೊಂದು ಪರೀಕ್ಷೆಗೆ ಅಂತ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ಪ್ರತಿ. ಅಳಿಸಿದ ಕೈಯೇ ಉಳಿಸಿತ್ತು. ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ನಾನು ಈ ಕತೆ ಹಿಡಿದುಕೊಂಡಿರುವುದು ಅದಕ್ಕಲ್ಲ. ಆಮೇಲೆ ಅವರು ಮಾಡಿದ್ದಕ್ಕೆ. ಏನಾಗುತ್ತಿದೆ ಅಂತ ಟಿಪ್ಪಣಿಯ ಫೈಲನ್ನು ಎಲ್ಲರೂ ನೋಡುವ ಹಾಗೆ ತೆರೆದಿಟ್ಟರು. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು. ಸಾವಿರಾರು ಜನ ಕೂತು ನೋಡಿದರು. ಆರು ಗಂಟೆಯಷ್ಟು ಮಾಹಿತಿ ಹೋಯಿತು ಅಂತ ನೇರವಾಗಿ ಒಪ್ಪಿಕೊಂಡರು. ಒಬ್ಬನ ಹೆಸರು ಹಿಡಿದು ಬೈಯಲಿಲ್ಲ. ಇಷ್ಟು ಸುಲಭವಾಗಿ ಅಳಿಸಲು ಹೇಗೆ ಸಾಧ್ಯವಾಯಿತು ಅಂತ ಕೇಳಿದರು. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ಸಣ್ಣ ಸಾಲಿತ್ತು: ನಿಜವಾದ ಸರ್ವರಿನ ಪ್ರಾಂಪ್ಟ್ ಕೆಂಪು, ಪರೀಕ್ಷೆಯ ಸರ್ವರಿನದು ಹಳದಿ ಮಾಡಬೇಕು. ನೋಡಿ, ಇದೇ ನಾನು ಹೇಳುತ್ತಿರುವುದು. ‘ಇನ್ನು ಮೇಲೆ ಹುಷಾರಾಗಿರು’ ಅನ್ನುವುದು ಪರಿಹಾರವಲ್ಲ. ರಾತ್ರಿ ಹನ್ನೊಂದಕ್ಕೆ ಯಾರೂ ಹುಷಾರಾಗಿರುವುದಿಲ್ಲ. ಪ್ರಾಂಪ್ಟ್‌ಗೆ ಕೆಂಪು ಬಣ್ಣ ಹಾಕಿದರೆ ಅದು ರಾತ್ರಿ ಹನ್ನೊಂದಕ್ಕೂ ಕೆಂಪಾಗೇ ಇರುತ್ತದೆ.

ಅವರು ಮುಚ್ಚಿಟ್ಟಿದ್ದರೆ? ಆ 9.2, 9.6ರ ವಿಷಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಅದನ್ನು ಓದಿದ ಮೇಲೆ ನನ್ನ ಪರಿಚಯದ ಎಷ್ಟೋ ಜನ ಮರುದಿನವೇ ತಮ್ಮ ಬ್ಯಾಕಪ್ ತೆರೆದು ನೋಡಿದರು.

ಮುಚ್ಚಿಟ್ಟರೆ, ಮುಂದೂಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಪ್ರೋಗ್ರಾಂ ಕಟ್ಟಿಕೊಡುವ ‘ಮೇಕ್’ ತಂತ್ರಾಂಶ ಬಳಸುವವರು ಕೈ ಎತ್ತಿ. ಹಾಂ, ಸುಮಾರು ಜನ ಇದ್ದೀರಿ. ಅದಕ್ಕೆ ಸೂಚನೆ ಬರೆಯುವ ಮೇಕ್‌ಫೈಲಿನಲ್ಲಿ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಹಾಕಿ ಅರ್ಧ ದಿನ ಕಳೆದದ್ದು ಅಂತ ಚೀಟಿಯಲ್ಲಿ ಒಬ್ಬರು ಬರೆದಿದ್ದಾರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಪಾಪ. ಮೇಕ್ ಅನ್ನು ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಬರೆದವರು ಸ್ಟೂವರ್ಟ್ ಫೆಲ್ಡ್‌ಮನ್. ಕೆಲವೇ ವಾರಗಳಲ್ಲಿ ಈ ಟ್ಯಾಬ್ ಸರಿಯಿಲ್ಲ ಅನ್ನಿಸಿತ್ತಂತೆ. ಅಷ್ಟರಲ್ಲಿ ಹನ್ನೆರಡು ಜನರಷ್ಟು ಬಳಸಲು ಶುರು ಮಾಡಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆ ಯಾಕೆ ಅಂತ ಬಿಟ್ಟರು. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಲಕ್ಷಾಂತರ ಜನ ಇವತ್ತಿಗೂ ಟ್ಯಾಬ್ ಹುಡುಕುತ್ತಿದ್ದಾರೆ! ಫೆಲ್ಡ್‌ಮನ್ ಅವರೇ ಇದನ್ನು ಹೇಳಿಕೊಂಡದ್ದರಿಂದ ನಮಗೆ ಗೊತ್ತು. ಅದಕ್ಕೇ ಅವರ ಮೇಲೆ ನನಗೆ ಗೌರವ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಬಗ್ಗೆ ವಿವರವಾಗಿ ಹೇಳಬೇಕು ಅಂತಿದ್ದೆ. ಪುಸ್ತಕದ ಪುಟ ಜೋಡಿಸುವ ‘ಟೆಕ್’ ಎಂಬ ತನ್ನ ತಂತ್ರಾಂಶದಲ್ಲಿ ತಾನು ಮಾಡಿದ ತಪ್ಪುಗಳನ್ನೆಲ್ಲ 1978ರಿಂದ ಒಂದೊಂದಾಗಿ ಬರೆದಿಟ್ಟು, 1989ರಲ್ಲಿ ಆ ಪಟ್ಟಿಯನ್ನೇ ಪ್ರಕಟಿಸಿದ ಮನುಷ್ಯ. ಆದರೆ ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಕೆಲವು ಚೀಟಿ ಮುಗಿಸುತ್ತೇನೆ.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ರಿಫ್ರೆಶ್, ಮತ್ತೆ ರಿಫ್ರೆಶ್. ಇದು ಎಷ್ಟು ಚೀಟಿಯಲ್ಲಿದೆ ಅಂದರೆ ನೋಡಿ ನನಗೆ ಖುಷಿಯೇ ಆಯಿತು. ಅದು ಐಕಾನ್‌ಗಳ ಪಟ್ಟಿಯನ್ನು ಮತ್ತೆ ಓದಿ ಮತ್ತೆ ಬಿಡಿಸುತ್ತದೆ, ಅಷ್ಟೇ. ಕಂಪ್ಯೂಟರ್ ವೇಗ ಆಗುವುದಿಲ್ಲ. ಹಾಗಂತ ಕೆಡುಕೂ ಇಲ್ಲ. ಮಾಡಿಕೊಳ್ಳಿ.

ಫೋನಿನಲ್ಲಿ ಎಲ್ಲ ಆ್ಯಪ್‌ಗಳನ್ನು ಮೇಲಕ್ಕೆ ಎಳೆದು ಮುಚ್ಚುವುದು. ಇದನ್ನು ಬಿಡಿ. ಹಿಂದೆ ಸುಮ್ಮನಿರುವ ಆ್ಯಪನ್ನು ಫೋನೇ ತಡೆದು ಇಟ್ಟಿರುತ್ತದೆ. ಪದೇ ಪದೇ ಮುಚ್ಚಿ ಮೊದಲಿನಿಂದ ತೆರೆದರೆ ಬ್ಯಾಟರಿ ಇನ್ನೂ ಜಾಸ್ತಿ ಹೋಗಬಹುದು.

ನೂರಾರು ಟ್ಯಾಬ್ ತೆರೆದಿಡುವುದು. ಇದು ಬ್ರೌಸರಿನ ಟ್ಯಾಬ್, ಫೆಲ್ಡ್‌ಮನ್ ಅವರದಲ್ಲ. ಬ್ರೌಸರ್‌ಗಳು ಈಗ ಬಳಸದ ಟ್ಯಾಬನ್ನು ಮಲಗಿಸುತ್ತವೆ, ಚಿಂತೆ ಬೇಡ.

ಪೆನ್‌ಡ್ರೈವ್ ಹಾಗೇ ಕಿತ್ತುಕೊಳ್ಳುವುದು. ಕಾಪಿ ಮುಗಿದಂತೆ ಕಂಡರೂ ಬರೆಯುವುದು ಇನ್ನೂ ಬಾಕಿ ಇರಬಹುದು, ಅದರಲ್ಲೂ ಲಿನಕ್ಸ್‌ನಲ್ಲಿ. ಇಜೆಕ್ಟ್ ಮಾಡಿ.

ಎಪಿಐ ಕೀಯನ್ನು, ಅಂದರೆ ಪ್ರೋಗ್ರಾಂಗಳು ಬಳಸುವ ಗುಟ್ಟಿನ ಕೀಲಿಯನ್ನು, ಎಲ್ಲರೂ ನೋಡುವ ಕೋಡಿನ ರೆಪೊಸಿಟರಿಗೆ ಹಾಕಿದ್ದು, ಆಮೇಲೆ ಇನ್ನೊಂದು ಕಮಿಟ್‌ನಲ್ಲಿ, ಅಂದರೆ ಮುಂದಿನ ಬದಲಾವಣೆಯಲ್ಲಿ, ಅಳಿಸಿದ್ದು. ಬರೆದವರು ದಯವಿಟ್ಟು ಕೇಳಿಸಿಕೊಳ್ಳಿ. ಅಳಿಸಿದರೆ ಹೋಗಲಿಲ್ಲ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಇದೆ. ಆ ಕೀಯನ್ನು ರದ್ದು ಮಾಡಿ ಹೊಸದು ತೆಗೆದುಕೊಳ್ಳಿ. ಇವತ್ತೇ. ಈಗಲೇ ಹೊರಗೆ ಹೋಗಿ ಮಾಡಿ ಬಂದರೂ ನಾನು ತಪ್ಪು ತಿಳಿಯುವುದಿಲ್ಲ.

ಇನ್ನೊಂದು ಚೀಟಿ: ‘ಬ್ಯಾಕಪ್ ಡ್ರೈವ್ ಇದೆ, ಆದರೆ ಅದನ್ನು ತೆರೆದು ನೋಡಲು ಭಯ.’ ಇದನ್ನು ಬರೆದವರು ಯಾರೋ ನನಗೆ ಬೇಕಿಲ್ಲ. ಇಂಥ ಡ್ರೈವ್ ಬ್ಯಾಗಿನಲ್ಲೇ ಇಟ್ಟುಕೊಂಡು ಬಂದವರು ಕೆಲವರಾದರೂ ಇರುತ್ತೀರಿ. ಹಿಂದಿನ ಮೇಜಿನ ಮೇಲೆ ಎರಡು ಖಾಲಿ ಲ್ಯಾಪ್‌ಟಾಪ್ ಇಡಿಸಿದ್ದೇನೆ. ಡ್ರೈವ್ ಚುಚ್ಚಿ, ಒಂದು ಹಳೆಯ ಫೋಟೊ ಅಥವಾ ಒಂದು ಫೈಲ್ ಹೊರತೆಗೆದು ತೆರೆಯಿರಿ. ತೆರೆದರೆ ಇನ್ನೊಂದು ತೆಗೆದು ನೋಡಿ. ತೆರೆಯದಿದ್ದರೆ ನನ್ನನ್ನು ಕರೆಯಿರಿ, ಜೊತೆಗೆ ಕೂತು ನೋಡೋಣ. ನಾನು ಕೊನೆಯವರೆಗೂ ಇಲ್ಲೇ ಇರುತ್ತೇನೆ.