ಬ್ರಿಟನ್ನಿನ ಅಧಿಕೃತ ಧರ್ಮ, ಅಮೆರಿಕದ ಅನಧಿಕೃತ ಧರ್ಮ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಲೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದವರು ನಿಮ್ಮಲ್ಲಿ ಅನೇಕರಿರಬಹುದು. ಲಂಡನ್ನಿಗೋ ಲೆಸ್ಟರಿಗೋ ಹೋಗಿ ಬಂದವರೂ ಇರಬಹುದು. ಎರಡೂ ದೇಶಗಳನ್ನು ಕಂಡವರು ನನ್ನನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಂದೇ ಭಾಷೆಯನ್ನಾಡುವ, ಒಂದೇ ಬೈಬಲನ್ನು ಓದಿಕೊಂಡು ಬಂದ ಈ ಎರಡು ದೇಶಗಳಲ್ಲಿ, ಒಂದಕ್ಕೆ ದೇವರ ಹೆಸರಿಲ್ಲದೆ ಚುನಾವಣೆಯೇ ನಡೆಯುವುದಿಲ್ಲ, ಇನ್ನೊಂದು ದೇವರ ಹೆಸರೆತ್ತಿದರೆ ಮುಜುಗರಪಟ್ಟುಕೊಳ್ಳುತ್ತದೆ, ಇದೇಕೆ? ಅಮೆರಿಕನ್ನರು ಮುಗ್ಧರು, ಬ್ರಿಟಿಷರು ವಿಚಾರವಂತರು ಎಂಬ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ಈ ಉತ್ತರವನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಜಗತ್ತಿನ ಅತ್ಯುತ್ತಮ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲನ್ನು ಕಟ್ಟಿಕೊಂಡಿರುವ ದೇಶದ ಬಗ್ಗೆ ಹೀಗೆ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾರಣ ಬೇರೆಯೇ ಇದೆ, ಅದು ಸರಳವಾಗಿಯೂ ಇದೆ. ಈ ಭಾಷಣದಲ್ಲಿ ನಾನು ಆ ಒಂದೇ ಕಾರಣವನ್ನು ಹೇಳುತ್ತೇನೆ.

ಮೊದಲು ಕಾನೂನಿನ ಪುಸ್ತಕಗಳನ್ನು ನೋಡೋಣ. ನಾನು ಬ್ರಿಟನ್ ಎನ್ನುವಲ್ಲೆಲ್ಲ ಬಹುಪಾಲು ಇಂಗ್ಲೆಂಡ್ ಎಂದೇ ತಿಳಿದುಕೊಳ್ಳಿ, ಸ್ಕಾಟ್‌ಲೆಂಡಿನವರು ಮನ್ನಿಸಲಿ. ಅಲ್ಲಿ ದೊರೆಯೇ ಇಂಗ್ಲೆಂಡಿನ ಚರ್ಚಿನ ಪರಮಾಧಿಕಾರಿ. ಆ ಚರ್ಚಿನ 26 ಮಂದಿ ಬಿಷಪ್ಪರಿಗೆ ಸಂಸತ್ತಿನ ಮೇಲ್ಮನೆಯಲ್ಲಿ ಹುದ್ದೆಯ ಬಲದಿಂದಲೇ ಆಸನವಿದೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅವರ ಪಟ್ಟಾಭಿಷೇಕ ನಡೆದದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಪವಿತ್ರ ತೈಲವನ್ನು ಹಚ್ಚಿ ಕಿರೀಟ ತೊಡಿಸಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ಆಗಬೇಕೆಂದು 1944ರ ಶಿಕ್ಷಣ ಕಾಯ್ದೆ ಕಡ್ಡಾಯ ಮಾಡಿತು, ಆ ಕಟ್ಟುಪಾಡು ಕಾನೂನಿನಲ್ಲಿ ಇಂದಿಗೂ ಉಳಿದಿದೆ. ಅಮೆರಿಕದ ಸಂವಿಧಾನವಾದರೋ ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆಯೇ ಇರಕೂಡದೆಂದು ಆರಂಭದಲ್ಲಿಯೇ ಹೇಳಿತು. 1791ರ ಮೊದಲನೆಯ ತಿದ್ದುಪಡಿಯು ರಾಷ್ಟ್ರಕ್ಕೊಂದು ಧರ್ಮವನ್ನು ಸ್ಥಾಪಿಸುವ ಕಾನೂನನ್ನು ಕಾಂಗ್ರೆಸ್, ಎಂದರೆ ಅಲ್ಲಿನ ಸಂಸತ್ತು, ಮಾಡುವಂತಿಲ್ಲವೆಂದು ಕಟ್ಟು ಹಾಕಿತು. ಸರ್ಕಾರಿ ಶಾಲೆಗಳು ತಾವಾಗಿ ಪ್ರಾರ್ಥನೆ ಹೇಳಿಸುವುದು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟು 1962ರಲ್ಲಿ ತೀರ್ಪಿತ್ತಿತು.

ಈ ಪುಸ್ತಕಗಳನ್ನಷ್ಟೇ ಓದಿದವನೊಬ್ಬ ಬ್ರಿಟನ್ನು ಭಕ್ತಿಯ ನಾಡೆಂದೂ ಅಮೆರಿಕವು ಧರ್ಮದ ಗೊಡವೆಯಿಲ್ಲದ ನಾಡೆಂದೂ ತೀರ್ಮಾನಿಸಿಯಾನು. ವಾಸ್ತವ ಪೂರ್ತಿ ತಿರುವುಮುರುವು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇಕಡ 46.2, ಯಾವ ಧರ್ಮವೂ ಇಲ್ಲವೆಂದವರು ಶೇಕಡ 37.2. ಅಮೆರಿಕದಲ್ಲಿ 2023-24ರ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಕ್ರೈಸ್ತರು ಶೇಕಡ 62ರಷ್ಟು. ಆದರೆ ಸಂಖ್ಯೆಗಿಂತ ನಡವಳಿಕೆ ಹೆಚ್ಚು ಹೇಳುತ್ತದೆ. 1953ರಲ್ಲಿ ಅಧ್ಯಕ್ಷರಾದ ಐಸೆನ್‌ಹೋವರ್ ಪ್ರಮಾಣವಚನ ಸ್ವೀಕರಿಸಿದ ಕೆಲವೇ ದಿನಗಳಲ್ಲಿ, ಅಧಿಕಾರದಲ್ಲಿದ್ದುಕೊಂಡೇ, ಚರ್ಚಿಗೆ ಹೋಗಿ ದೀಕ್ಷಾಸ್ನಾನ ಪಡೆದರು. ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಆಳವಾದ ದೈವಭಕ್ತರು. ಆದರೂ ಕ್ಯಾಥೊಲಿಕ್ ಪಂಥವನ್ನು ಸೇರಲು ಅವರು ಅಧಿಕಾರದಿಂದ ಇಳಿಯುವವರೆಗೂ, ಎಂದರೆ 2007ರ ಡಿಸೆಂಬರಿನವರೆಗೂ, ಕಾದರು. ಅವರು ಪ್ರಧಾನಿಯಾಗಿದ್ದಾಗ ಸಂದರ್ಶನವೊಂದರಲ್ಲಿ ಧರ್ಮದ ಪ್ರಶ್ನೆ ಬಂದೊಡನೆ, ದೇವರ ವಿಷಯ ನಮಗೆ ಬೇಡ ಎಂದು ಮಾತನ್ನು ತುಂಡರಿಸಿದವರು ಅವರದೇ ಮಾಧ್ಯಮ ಸಲಹೆಗಾರರು. 2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್ ತಮಗೆ ದೇವರಲ್ಲಿ ನಂಬಿಕೆಯಿಲ್ಲವೆಂದು ಹೇಳಿಕೊಂಡವರು; ಅದಕ್ಕಾಗಿ ಯಾರೂ ಹುಬ್ಬೇರಿಸಲಿಲ್ಲ. ಅದೇ ಮಾತನ್ನಾಡಿ ಅಮೆರಿಕದ ಅಧ್ಯಕ್ಷಗಿರಿಯನ್ನು ಗೆದ್ದವರು ಇದುವರೆಗೆ ಒಬ್ಬರೂ ಇಲ್ಲ.

ಕಾರಣವೇನೆಂದರೆ, ಬ್ರಿಟನ್ನಿನಲ್ಲಿ ಧರ್ಮಕ್ಕೆ ಕಾಯಂ ನೌಕರಿ ಸಿಕ್ಕಿತು, ಅಮೆರಿಕದಲ್ಲಿ ಅದು ಅಂಗಡಿ ತೆರೆದು ಗಿರಾಕಿಗಳನ್ನು ಕರೆಯಬೇಕಾಯಿತು. ಭೂಮಿ, ಉಂಬಳಿ, ರೈತನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಇವೆಲ್ಲ ಶತಮಾನಗಳ ಕಾಲ ಬಂದದ್ದರಿಂದ, ಜನ ಬಂದರೂ ಬಾರದಿದ್ದರೂ ಇಂಗ್ಲೆಂಡಿನ ಪಾದ್ರಿಯ ಬದುಕಿಗೆ ಕೊರತೆಯಿರಲಿಲ್ಲ. ಅಮೆರಿಕದ ಪಾದ್ರಿಗೆ ಜನ ಬಾರದಿದ್ದರೆ ಊಟವೇ ಇಲ್ಲ. ಪ್ರಭುತ್ವದ ಆಸರೆ ಧರ್ಮವನ್ನು ಮಲಗಿಸುತ್ತದೆ, ಆಸರೆಯಿಲ್ಲದಿರುವುದು ಅದನ್ನು ಎಚ್ಚರವಾಗಿಡುತ್ತದೆ. ಹಾಗೆ ಎಚ್ಚರವಾಗಿರುವ ಧರ್ಮ ರಾಜಕೀಯಕ್ಕೆ ಕಾನೂನಿನ ಬಾಗಿಲಿನಿಂದ ಬರುವುದಿಲ್ಲ, ಮತದಾರನ ಮೂಲಕ ಬರುತ್ತದೆ.

ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ಚೀಸಿನ ಕತೆಯನ್ನು ಹೇಳಬೇಕು. ಇದು ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾದರೆ ಸಹಿಸಿಕೊಳ್ಳಿ. 1800ರ ಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ ಅಧ್ಯಕ್ಷ ಪದವಿಗೆ ನಿಂತಾಗ, ಅವರು ನಾಸ್ತಿಕರೆಂದು ವಿರೋಧಿಗಳು ಊರೂರಲ್ಲಿ ಸಾರಿದರು. ಜೆಫರ್ಸನ್ ಗೆದ್ದರೆ ಬೈಬಲುಗಳನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಕೆಲವರು ಮನೆಯ ಪ್ರತಿಗಳನ್ನು ಬಚ್ಚಿಟ್ಟರೆಂದೂ ಹೇಳುವುದುಂಟು. ಅಂತಹ ಜೆಫರ್ಸನ್‌ರನ್ನು ಹೃತ್ಪೂರ್ವಕವಾಗಿ ಬೆಂಬಲಿಸಿದವರಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಪಾದ್ರಿ ಜಾನ್ ಲೆಲ್ಯಾಂಡ್ ಒಬ್ಬರು. ಅವರಿದ್ದದ್ದು ಮ್ಯಾಸಚೂಸೆಟ್ಸ್ ರಾಜ್ಯದ ಚೆಷೈರ್ ಎಂಬ ಹಳ್ಳಿಯಲ್ಲಿ. ಮೊದಲನೆಯ ತಿದ್ದುಪಡಿ ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತಾದ್ದರಿಂದ, ಆ ರಾಜ್ಯದಲ್ಲಿ ತೆರಿಗೆಯ ಹಣದಿಂದ ಸಾಕಲ್ಪಡುವ ಚರ್ಚು ಆಗಲೂ ಇತ್ತು. ಅದು ಬ್ಯಾಪ್ಟಿಸ್ಟರದಲ್ಲ, ಕಾಂಗ್ರಿಗೇಷನಲ್ ಪಂಥದವರದು. ತಾವು ಹೋಗದ ಚರ್ಚಿಗೆ ತಾವೇಕೆ ತೆರಬೇಕೆಂಬುದು ಬ್ಯಾಪ್ಟಿಸ್ಟರ ಅಳಲು. ಜೆಫರ್ಸನ್ ತಮ್ಮ ವರ್ಜೀನಿಯ ರಾಜ್ಯಕ್ಕಾಗಿ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನ 1786ರಲ್ಲಿ ಅಂಗೀಕಾರವಾಗಿ, ಅಲ್ಲಿ ಇಂತಹ ಬಲವಂತಕ್ಕೆ ಕೊನೆ ಹಾಡಿತ್ತು. ಲೆಲ್ಯಾಂಡ್ ಆಗ ವರ್ಜೀನಿಯದಲ್ಲಿಯೇ ಇದ್ದು ಅದನ್ನು ಕಣ್ಣಾರೆ ಕಂಡವರು.

ಜೆಫರ್ಸನ್ ಗೆದ್ದಾಗ ಚೆಷೈರಿನ ಜನ ಒಂದು ಕಾಣಿಕೆ ಕಳುಹಿಸಲು ನಿಶ್ಚಯಿಸಿದರು. ಅವರ ಕಸುಬು ಹೈನು, ಆದ್ದರಿಂದ ಕಾಣಿಕೆಯೂ ಚೀಸೇ ಆಯಿತು. 1801ರ ಬೇಸಿಗೆಯಲ್ಲಿ ಮನೆಮನೆಯಿಂದ ಗಟ್ಟಿಯಾದ ಹಾಲು ಬಂತು. ಒಟ್ಟು 900 ಹಸುಗಳ ಹಾಲೆಂದು ಲೆಕ್ಕ; ಅವುಗಳಲ್ಲಿ ವಿರೋಧ ಪಕ್ಷದವರ ಒಂದು ಹಸುವೂ ಇರಕೂಡದೆಂದು ಕಟ್ಟುನಿಟ್ಟು ಮಾಡಿದ್ದರಂತೆ! ಮಾಮೂಲಿ ಅಚ್ಚು ಸಾಲದೆ, ಸೇಬಿನ ರಸ ಹಿಂಡುವ ದೊಡ್ಡ ಯಂತ್ರವನ್ನೇ ಮಾರ್ಪಡಿಸಿ ಅದರಲ್ಲಿ ಒತ್ತಿದರು. ಸಿದ್ಧವಾದ ಚೀಸಿನ ಅಡ್ಡಳತೆ ನಾಲ್ಕು ಅಡಿ, ತೂಕ 1,235 ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ 560 ಕಿಲೋ. ಅದನ್ನು ಹಡ್ಸನ್ ನದಿಯವರೆಗೆ ಜಾರುಬಂಡಿಯಲ್ಲಿ ಎಳೆದು, ಅಲ್ಲಿಂದ ಹಡಗಿಗೆ ಏರಿಸಿ, ಕೊನೆಗೆ ಕುದುರೆಗಾಡಿಯಲ್ಲಿ ವಾಷಿಂಗ್ಟನ್ನಿಗೆ ಸಾಗಿಸಿದರು. ಚೀಸು ನಿಂತಲ್ಲೆಲ್ಲ ನೋಡಲು ಜನ ಸೇರಿದರು, ಜನ ಸೇರಿದಲ್ಲೆಲ್ಲ ಲೆಲ್ಯಾಂಡ್ ಉಪದೇಶ ಮಾಡಿದರು. ಸಿಕ್ಕ ಜನರನ್ನು ಬಿಡದ ಆ ಗುಣ ನೋಡಿ, ಸಂಬಳದ ಪಾದ್ರಿಗೆ ಅದರ ಅಗತ್ಯವೇ ಇರಲಿಲ್ಲ. 1802ರ ಜನವರಿ 1ರಂದು ಚೀಸು ಅಧ್ಯಕ್ಷರ ಕೈಸೇರಿತು. ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲವೆಂಬ ನಿಯಮವಿಟ್ಟುಕೊಂಡಿದ್ದ ಜೆಫರ್ಸನ್ ಅದಕ್ಕೆ 200 ಡಾಲರು ಕೊಟ್ಟರು. ತಿಂದು ತೀರದೆ ಉಳಿದದ್ದನ್ನು ಬಹುಕಾಲದ ಮೇಲೆ ಪೊಟೊಮ್ಯಾಕ್ ನದಿಗೆ ಎಸೆದರೆಂಬ ಮಾತಿದೆ, ಅದಕ್ಕೆ ಮಾತ್ರ ನಾನು ಹೊಣೆಯಲ್ಲ.

ಕತೆಯ ತಿರುಳು ಈಗ ಬರುತ್ತದೆ. ಅದೇ ಜನವರಿ 1ರಂದು ಜೆಫರ್ಸನ್ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಒಂದು ಪತ್ರ ಬರೆದರು. ಚರ್ಚು ಮತ್ತು ಪ್ರಭುತ್ವಗಳ ನಡುವೆ ಪ್ರತ್ಯೇಕತೆಯ ಗೋಡೆ ಎಂಬ, ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುವ ಮಾತು ಇರುವುದು ಆ ಪತ್ರದಲ್ಲಿಯೇ. ಎರಡು ದಿನ ಕಳೆದು, ಭಾನುವಾರ, ಲೆಲ್ಯಾಂಡ್ ಧರ್ಮೋಪದೇಶ ಮಾಡಿದ್ದು ಎಲ್ಲಿ? ಅಮೆರಿಕದ ಕೆಳಮನೆಯ ಸಭಾಂಗಣದಲ್ಲಿ! ಕೇಳಲು ಬಂದವರಲ್ಲಿ ಗೋಡೆಯ ಮಾತನ್ನು ಬರೆದ ಜೆಫರ್ಸನ್ ಕೂಡ ಇದ್ದರು. ಇದನ್ನು ಕಪಟವೆಂದು ನಗಬೇಡಿ. ಗೋಡೆ ಬೇಕೆಂದು ಹೋರಾಡಿದವರು ದೇವರನ್ನು ನಂಬದವರಲ್ಲ, ಪಾದ್ರಿಗಳು. ಅವರಿಗೆ ಸರ್ಕಾರದ ಹಣ ಬೇಡವಾಗಿತ್ತು, ಸರ್ಕಾರದ ಕಿವಿ ಬೇಕಾಗಿತ್ತು.

ಮುಂದೆ ಕನೆಕ್ಟಿಕಟ್ 1818ರಲ್ಲಿ, ಮ್ಯಾಸಚೂಸೆಟ್ಸ್ 1833ರಲ್ಲಿ ಅಧಿಕೃತ ಚರ್ಚನ್ನು ಕೈಬಿಟ್ಟವು. ಧರ್ಮ ಕುಗ್ಗಲಿಲ್ಲ, ಹಿಗ್ಗಿತು. ಮೆಥಡಿಸ್ಟ್ ಉಪದೇಶಕರು ಕುದುರೆಯೇರಿ ಕಾಡುಮೇಡುಗಳ ವಸತಿಗಳನ್ನೆಲ್ಲ ಸುತ್ತಿದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಪಂಥ ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಅಮೆರಿಕದ ಅತಿ ದೊಡ್ಡ ಪಂಥಗಳಲ್ಲೊಂದಾಗಿತ್ತು. ಬ್ರಿಟನ್ನಿನಲ್ಲಿಯೂ ಅಷ್ಟೇ, ಧರ್ಮ ರಾಜಕೀಯಕ್ಕೆ ಕಸುವು ಕೊಟ್ಟದ್ದು ಬಹುಮಟ್ಟಿಗೆ ಅಧಿಕೃತ ಚರ್ಚಿನ ಹೊರಗಿದ್ದವರಿಂದ. ಆರಂಭದ ಲೇಬರ್ ಪಕ್ಷದಲ್ಲಿ ಎಷ್ಟೋ ಮಂದಿ ಭಾಷಣ ಮಾಡುವುದನ್ನು ಕಲಿತದ್ದು ಮೆಥಡಿಸ್ಟ್ ಪ್ರಾರ್ಥನಾ ಮಂದಿರಗಳಲ್ಲಿ.

ಇನ್ನು ಅಮೆರಿಕದ ಕರಿಯರ ಚರ್ಚುಗಳನ್ನು ನೋಡಿ. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿಯ ಕರಿಯರು ತಮ್ಮನ್ನು ಬೇರೆ ಕೂರಿಸುತ್ತಿದ್ದ ಬಸ್ಸುಗಳನ್ನು ಬಹಿಷ್ಕರಿಸಿದಾಗ ಮುಂದಾಳಾಗಿ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೇ ಏಕೆ ಆರಿಸಿದರು? ಅವರ ಮಾತಿನ ಶಕ್ತಿ ಒಂದು ಕಾರಣ ನಿಜ. ಆದರೆ ಕರಿಯ ಶಾಲಾ ಶಿಕ್ಷಕನೊಬ್ಬ ಬಾಯಿ ತೆರೆದರೆ ಬಿಳಿಯರ ಆಡಳಿತ ಮರುದಿನವೇ ಅವನನ್ನು ಕೆಲಸದಿಂದ ತೆಗೆಯಬಹುದಿತ್ತು. ಸಂಬಳವನ್ನು ಚರ್ಚಿಗೆ ಬರುವ ಜನರೇ ಕೊಡುತ್ತಿದ್ದ ಪಾದ್ರಿಯನ್ನು ತೆಗೆಯುವಂತಿರಲಿಲ್ಲ. ಕಿಂಗ್ ಉಪದೇಶ ಮಾಡುತ್ತಿದ್ದ ಅಟ್ಲಾಂಟದ ಎಬೆನೀಜರ್ ಚರ್ಚಿನ ಪಾದ್ರಿ ರಾಫಾಯೆಲ್ ವಾರ್ನಾಕ್ 2021ರಲ್ಲಿ ಸೆನೆಟರಾದರು. ರಾಜಕೀಯದ ಇನ್ನೊಂದು ಬದಿಯಲ್ಲಿಯೂ ಇದೇ ಯಂತ್ರ ಕೆಲಸ ಮಾಡಿತು. ಗರ್ಭಪಾತ, ಶಾಲಾ ಪ್ರಾರ್ಥನೆ ಮುಂತಾದ ವಿಷಯಗಳನ್ನು ಮುಂದಿಟ್ಟುಕೊಂಡು ಜೆರಿ ಫಾಲ್ವೆಲ್ ಎಂಬ ಪಾದ್ರಿ 1979ರಲ್ಲಿ ಮಾರಲ್ ಮೆಜಾರಿಟಿ ಎಂಬ ಸಂಘಟನೆಯನ್ನು ಕಟ್ಟಿ, ಮರುವರ್ಷದ ಚುನಾವಣೆಯಲ್ಲಿ ಅಧ್ಯಕ್ಷ ಪದವಿಗೆ ನಿಂತ ರೇಗನ್ ಅವರ ಬೆನ್ನಿಗೆ ನಿಂತರು. ಬ್ರಿಟನ್ನು 1967ರಲ್ಲಿಯೇ ಗರ್ಭಪಾತದ ಕಾನೂನು ಮಾಡಿ, ಅದನ್ನು ಸದಸ್ಯರ ಆತ್ಮಸಾಕ್ಷಿಗೆ ಬಿಟ್ಟು ಮುಂದೆ ಸಾಗಿತು. ಅಮೆರಿಕದಲ್ಲಿ ಅದು ಅರ್ಧ ಶತಮಾನದ ಚುನಾವಣೆಗಳನ್ನೇ ನಡೆಸಿತು.

ಸಮಯ ಓಡುತ್ತಿದೆ, ಎಲ್ಲವೂ ಆ ಚೀಸಿನ ಪಾಲಾಯಿತು. ನಮಗೆ ಹತ್ತಿರದ ಎರಡು ಉದಾಹರಣೆಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನ ಅಳಿಯ ರಿಷಿ ಸುನಕ್ ಭಗವದ್ಗೀತೆಯ ಮೇಲೆ ಪ್ರಮಾಣ ಮಾಡಿ ಸಂಸದರಾದವರು. ಪ್ರಧಾನಿಯಾಗಿದ್ದಾಗ, ಬಿಷಪ್ಪರ ನೇಮಕಕ್ಕೆ ದೊರೆಗೆ ಹೆಸರು ಸಲ್ಲಿಸುವ ಕೆಲಸವೂ ಅವರದಾಗಿತ್ತು, ಪಟ್ಟಾಭಿಷೇಕದಲ್ಲಿ ಬೈಬಲಿನ ಭಾಗವನ್ನೂ ಅವರೇ ಓದಿದರು. ಅವರ ಚುನಾವಣಾ ಸೋಲಿಗೆ ಹತ್ತು ಕಾರಣಗಳನ್ನು ಕೊಡುವವರೂ ಧರ್ಮವನ್ನು ಹೆಸರಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧೆಗಿಳಿದ ವಿವೇಕ್ ರಾಮಸ್ವಾಮಿ ತಮ್ಮ ಹಿಂದೂ ನಂಬಿಕೆಯ ಬಗ್ಗೆ ಸಭೆಗಳಲ್ಲಿ ಮತದಾರರಿಗೆ ವಿವರಣೆ ಕೊಡಬೇಕಾಯಿತು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಮಿಶಿಗನ್ನಿನಿಂದ ಆರಿಸಿಬಂದ ಶ್ರೀ ಥಾನೇದಾರ್ ಅದೇ ವರ್ಷ ಹಿಂದೂ, ಬೌದ್ಧ, ಸಿಖ್, ಜೈನರ ಪರವಾಗಿ ಕಾಂಗ್ರೆಸ್ಸಿನಲ್ಲಿ ಒಂದು ಸದಸ್ಯಕೂಟವನ್ನೇ ಕಟ್ಟಿದರು. ಅಲ್ಲಿ ನೆಲೆಸಿದ ನಮ್ಮವರ ದೇವಸ್ಥಾನಗಳೂ ಸದಸ್ಯತ್ವ, ಭಾನುವಾರದ ಮಕ್ಕಳ ತರಗತಿ, ಚಂದಾ, ಚುನಾಯಿತ ಮಂಡಳಿ ಎಂದು ಅಮೆರಿಕದ ಚರ್ಚುಗಳ ಹಾದಿಯನ್ನೇ ಹಿಡಿದಿವೆ. ಆಸರೆ ಕೊಡುವ ಸರ್ಕಾರವಿಲ್ಲದ ಕಡೆ ಬೇರೆ ದಾರಿ ಇಲ್ಲ.

ಕೊನೆಯದಾಗಿ, ಈಗಿನ ಮಾತು. ಅಮೆರಿಕದಲ್ಲಿಯೂ ಧರ್ಮವಿಲ್ಲವೆನ್ನುವವರು ಹೆಚ್ಚುತ್ತ ಬಂದು ಶೇಕಡ 30ರ ಹತ್ತಿರ ತಲುಪಿದ್ದಾರೆ. ಅದರಿಂದ ಗಾಬರಿಗೊಂಡ ಕೆಲವರು ಸರ್ಕಾರದ ಆಸರೆಯನ್ನು ಬೇಡತೊಡಗಿದ್ದಾರೆ. 2024ರ ಜೂನಿನಲ್ಲಿ ಲೂಯಿಸಿಯಾನ ರಾಜ್ಯವು ಸರ್ಕಾರಿ ಶಾಲೆಗಳ ಪ್ರತಿಯೊಂದು ತರಗತಿಯಲ್ಲೂ ಬೈಬಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಲೆಲ್ಯಾಂಡರ ಬ್ಯಾಪ್ಟಿಸ್ಟ್ ಪಂಥದಲ್ಲಿಯೇ ಇಂತಹ ಕಾನೂನುಗಳನ್ನು ಸ್ವಾಗತಿಸುವವರು ಇಂದು ಬೇಕಾದಷ್ಟು ಮಂದಿ ಇದ್ದಾರೆ. ಇಂಗ್ಲೆಂಡಿನ ಶಾಲೆಗಳಲ್ಲಿ 1944ರಿಂದ ಕಡ್ಡಾಯವಾಗಿರುವ ಪ್ರಾರ್ಥನೆಯಿಂದ ಚರ್ಚುಗಳು ತುಂಬಿದವೇ ಎಂದು ಅವರು ಒಮ್ಮೆ ವಿಚಾರಿಸಿ ನೋಡಬಹುದಿತ್ತು. ಲೂಯಿಸಿಯಾನದ ಕಾನೂನನ್ನು ಅದೇ ತಿಂಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದ ಪಾಲಕರಲ್ಲಿ ಒಬ್ಬರು ಪ್ರೆಸ್ಬಿಟೇರಿಯನ್ ಪಾದ್ರಿ.

ನಮಸ್ಕಾರ.