ಸಂಪಿನಲ್ಲಿ ಎಷ್ಟು ನೀರು?

ಕೇಳುಗರೇ, ನಮಸ್ಕಾರ.

ನಮ್ಮ ಬೆಂಗಳೂರಿನಲ್ಲಿ ಸೈಟು ಅಂದರೆ ತರ್ಟಿ ಫಾರ್ಟಿ. ಅದು ಅಡಿ ಲೆಕ್ಕ. ಬೋರ್‌ವೆಲ್ ಕೂಡ ಅಡಿಯೇ. ಗಾಂಧಿ ಬಜಾರಿಗೆ ಹೋದರೆ ಹೂವು ಮೊಳಕ್ಕೆ ಇಷ್ಟು ಅಂತ. ಆ ಮೊಳ ಹೂವಿನವಳ ಕೈ ಎಷ್ಟುದ್ದವೋ ಅಷ್ಟು. ಹಬ್ಬದ ದಿನ ಇನ್ನೂ ಗಿಡ್ಡ! 1956ರಲ್ಲಿ ಅಳತೆ ತೂಕದ ಕಾಯ್ದೆ ಬಂತು. 1958ರಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕೆಜಿ, ಲೀಟರು ಬಂದವು. ಪಾವು ಮಾತ್ರ ಅಡುಗೆಮನೆ ಬಿಟ್ಟು ಕದಲಲಿಲ್ಲ.

ಮೊನ್ನೆ ನಮ್ಮ ಮನೆಗೆ ಹೊಸ ಸಂಪು ತೋಡಿಸಿದೆವು. ಮೇಸ್ತ್ರಿ ಹೇಳಿದರು: "ಏಳು, ಐದು, ಆಳ ಆರು ಸಾರ್." "ಎಷ್ಟು ಲೀಟರ್ ಹಿಡಿಯುತ್ತಪ್ಪ?" ಅಂದೆ. ಅವರು ತಲೆ ಕೆರೆದುಕೊಂಡರು. ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿದ ನಾನೂ ಪೆನ್ನು ಹುಡುಕಿದೆ. ಏಳೈದಲಿ ಮೂವತ್ತೈದು, ಅದರ ಆರರಷ್ಟು 210 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಗುಣಿಸಿದರೆ ಹೆಚ್ಚುಕಮ್ಮಿ 5,950 ಲೀಟರ್.

ಅದನ್ನೇ ಮೀಟರಿನಲ್ಲಿ ತೋಡಿಸಿದ್ದರೆ? ಉದ್ದ ಎರಡು, ಅಗಲ ಒಂದೂವರೆ, ಆಳ ಎರಡು. ಆರು ಘನ ಮೀಟರ್, ಅಂದರೆ 6,000 ಲೀಟರ್. ಒಂದು ಟ್ಯಾಂಕರ್ ನೀರು. ಪೆನ್ನೇ ಬೇಡ.

ಇಲ್ಲೇ ಮಕ್ಕಳು ಎಡವುವುದು. ಪಕ್ಕದ ಮನೆ ಹುಡುಗ ಕೇಳಿದ: "ಅಂಕಲ್, ಮೀಟರಿಗೆ ನೂರು ಸೆಂಟಿಮೀಟರ್ ಅಲ್ವಾ? ಹಾಗಾದರೆ ಘನ ಮೀಟರಿಗೂ ನೂರು ಘನ ಸೆಂಟಿಮೀಟರೇ ತಾನೆ?" ಅಲ್ಲಪ್ಪ. ಎಲ್ಲ ಕಡೆಯೂ ಹತ್ತು ಸೆಂಟಿಮೀಟರ್ ಇರುವ ಒಂದು ಡಬ್ಬಿ ಅಂದುಕೊ. ಅದರಲ್ಲಿ ಸರಿಯಾಗಿ ಒಂದು ಲೀಟರ್ ಹಿಡಿಯುತ್ತದೆ. ಒಂದು ಮೀಟರ್ ಉದ್ದಕ್ಕೆ ಅಂಥ ಹತ್ತು ಡಬ್ಬಿ ಇಡು. ಅಗಲಕ್ಕೆ ಅಂಥ ಹತ್ತು ಸಾಲು. ನೆಲ ತುಂಬಿತು, ನೂರು ಡಬ್ಬಿ. ಅದೂ ಸೇರಿ ಹತ್ತು ಅಂತಸ್ತು ಪೇರಿಸು. ಸಾವಿರ ಡಬ್ಬಿ, ಸಾವಿರ ಲೀಟರ್. ಒಂದೊಂದು ಡಬ್ಬಿಗೆ ಸಾವಿರ ಘನ ಸೆಂಟಿಮೀಟರ್, ಹಾಗಾಗಿ ಒಟ್ಟು ಹತ್ತು ಲಕ್ಷ! ಹುಡುಗ ಬಾಯಿ ಬಿಟ್ಟುಕೊಂಡು ನಿಂತ.

ಆ ಒಂದು ಡಬ್ಬಿ ನೀರನ್ನು ತೂಗಿದರೆ ಒಂದು ಕೆಜಿ. ಇದು ಸುಮ್ನೆ ಹೊಂದಿಕೊಂಡಿದ್ದಲ್ಲ. 1799ರಲ್ಲಿ ಫ್ರಾನ್ಸಿನವರು ಒಂದು ಲೀಟರ್ ನೀರಿಗೆ ಸಮವಾಗಿಯೇ ಪ್ಲಾಟಿನಂ ತೂಕದ ಬಟ್ಟು ಮಾಡಿಸಿಟ್ಟರು. 2019ರಿಂದ ಕೆಜಿಗೆ ಯಾವ ಬಟ್ಟೂ ಬೇಡ, ಪ್ಲಾಂಕ್ ಸ್ಥಿರಾಂಕ ಅನ್ನುವ, ನಿಸರ್ಗದಲ್ಲಿ ಎಂದೂ ಬದಲಾಗದ ಬೆಲೆಯೇ ಆಧಾರ. ಅಂಗಡಿ ತಕ್ಕಡಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ಬಿಡಿ.

ಇನ್ನು ಸಂಪಿನ ನೀರನ್ನು ಮೇಲಕ್ಕೆ ಹತ್ತಿಸೋಣ. ಕೆಜಿ ಅಂದರೆ ವಸ್ತು ಎಷ್ಟಿದೆ ಅನ್ನುವುದು. ಭೂಮಿ ಅದನ್ನು ಎಳೆಯುವ ಬಲಕ್ಕೆ ನ್ಯೂಟನ್ ಅನ್ನುವ ಬೇರೆ ಅಳತೆ ಇದೆ. ಬೆಂಗಳೂರಿನಲ್ಲಿ ಕೆಜಿಗೆ ಸುಮಾರು 9.78 ನ್ಯೂಟನ್. ತಾರಸಿಯ ಟ್ಯಾಂಕ್ ಸಾವಿರ ಲೀಟರಿನದು, ಹತ್ತು ಮೀಟರ್ ಎತ್ತರದಲ್ಲಿದೆ ಅನ್ನಿ. ಸಾವಿರ, 9.78, ಹತ್ತು, ಮೂರನ್ನೂ ಗುಣಿಸಿ. 97,800 ಜೂಲ್; ಜೂಲ್ ಅಂದರೆ ಶಕ್ತಿಯ ಅಳತೆ. ಟ್ಯಾಂಕ್ ತುಂಬಿಸಲು ಬೇಕಾದ ಶಕ್ತಿ ಇಷ್ಟೇ.

ಕರೆಂಟ್ ಬಿಲ್ಲಿನಲ್ಲಿ 'ಯೂನಿಟ್' ಅಂತ ಇರುತ್ತದಲ್ಲ, ಅದು ಒಂದು ಕಿಲೋವ್ಯಾಟ್ ಅವರ್. 36 ಲಕ್ಷ ಜೂಲ್. ಭಾಗಿಸಿ ನೋಡಿ, ಒಂದೇ ಯೂನಿಟ್‌ಗೆ ಮೂವತ್ತಾರು ಟ್ಯಾಂಕ್ ತುಂಬಬೇಕು! ಯಾರ ಮನೆಯಲ್ಲಿ ತುಂಬುತ್ತದೆ ಹೇಳಿ? ಉಳಿದ ಶಕ್ತಿ ಎಲ್ಲಿಗೆ ಹೋಯಿತು ಅಂತೀರಾ? ನಾಳೆ ಟ್ಯಾಂಕ್ ತುಂಬಿದ ಮೇಲೆ ಸ್ವಿಚ್ ಆಫ್ ಮಾಡಿ, ಮೋಟಾರಿನ ಹತ್ತಿರ ಕೈ ಹಿಡಿದು ನೋಡಿ. ಬೆಚ್ಚಗಿರುತ್ತದೆ.

ನಮಸ್ಕಾರ.